ಸಮವಸ್ತ್ರ ಕಳಚಿದ ಮೇಲೆ

ಸಂಜೆ ಹೊತ್ತು ಗೋಪಾಳದ ನಮ್ಮ ಮನೆ ಜಗಲಿಯಲ್ಲಿ ಮೊಮ್ಮಗಳ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪಕ್ಕದ ಮನೆಯ ಹುಡುಗನೂ ಬಂದು ಕೂತ. ಹುಡುಗ ಅನ್ನುವುದು ನನ್ನ ರೂಢಿ ಅಷ್ಟೆ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹೋದ ತಿಂಗಳು ನಿವೃತ್ತನಾಗಿ ಬಂದಿದ್ದಾನೆ.

"ಮಾಮ, ಇನ್ನು ನೀವು ಏನು ಮಾಡ್ತೀರಿ?" ಮೊಮ್ಮಗಳು ಕೇಳಿಯೇಬಿಟ್ಟಳು.

"ಇನ್ನೇನು ಪುಟ್ಟಿ, ನನ್ನ ಕೆಲಸ ಮುಗೀತು" ಅಂದ. ಮಗ ಯಾರ ಜೊತೆಯೂ ಮಾತಾಡುವುದಿಲ್ಲ ಎಂದು ಅವನ ತಾಯಿ ನನ್ನ ಹತ್ತಿರ ಕಣ್ಣೀರು ಹಾಕಿದ್ದರು. ಅಷ್ಟರಲ್ಲಿ ಸೋಗಾನೆಯ ಕಡೆಗೆ ವಿಮಾನವೊಂದು ಹೋಯಿತು. ಅದನ್ನು ಕಂಡು ನನಗೆ ಕ್ಯಾಪ್ಟನ್ ಗೋಪಿನಾಥ್ ನೆನಪಾದರು. ಮೊಮ್ಮಗಳಿಗೆ ಹೇಳುವ ನೆಪದಲ್ಲಿ ಅವರ ಕಥೆ ಶುರು ಮಾಡಿದೆ.

ಜಿ. ಆರ್. ಗೋಪಿನಾಥ್ ಹುಟ್ಟಿದ್ದು 1951ರಲ್ಲಿ, ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ತಂದೆ ಶಾಲಾ ಮೇಷ್ಟ್ರು. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯದ ಅಧಿಕಾರಿಯಾದರು. 1971ರ ಬಾಂಗ್ಲಾ ಯುದ್ಧ ಕಂಡರು. ಎಂಟು ವರ್ಷ ಸೇವೆ ಮಾಡಿ, ಮೂವತ್ತು ತುಂಬುವ ಮೊದಲೇ ಕೆಲಸ ಬಿಟ್ಟು ಊರಿಗೆ ಬಂದರು.

ಬಂದು ನೋಡಿದರೆ ಊರಿನ ಜಮೀನೇ ಇಲ್ಲ! ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆಯಿಂದ ಅದು ಮುಳುಗಡೆಯಾಗಿತ್ತು. ಇದರ ಸಂಕಟ ನನಗೆ ಗೊತ್ತು. ನನ್ನ ತವರಿನ ಗದ್ದೆಯೂ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. ಶರಾವತಿ ಮುಳುಗಡೆಯ ಎಷ್ಟೋ ಮನೆಯವರು ಶಿವಮೊಗ್ಗದ ಸುತ್ತಮುತ್ತ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು.

ಗೋಪಿನಾಥರ ಮನೆಯವರಿಗೆ ಪರಿಹಾರವಾಗಿ ಸಿಕ್ಕಿದ್ದು ದೂರದ ಜಾವಗಲ್ ಕಡೆಯ ಬರಡು ಭೂಮಿ. ರಸ್ತೆಯಿಲ್ಲ, ಕರೆಂಟಿಲ್ಲ. ಆ ಬಯಲಲ್ಲೇ ಡೇರೆ ಹಾಕಿಕೊಂಡು ಇದ್ದುಬಿಟ್ಟರು. ತೆಂಗು ಹಾಕಿದರು, ರೇಷ್ಮೆ ಸಾಕಿದರು. ಸಾಲ ಏರಿತು, ಬೆಳೆ ಕೈಕೊಟ್ಟಿತು. ಆಮೇಲೆ ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟು ಸಾವಯವ ದಾರಿ ಹಿಡಿದರು. ಪರಿಸರಕ್ಕೆ ಹಾನಿಯಾಗದಂತೆ ರೇಷ್ಮೆ ಬೆಳೆಯುವ ಅವರ ಕ್ರಮಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

"ವಿಮಾನ ಎಲ್ಲಿ ಬಂತು ಅಜ್ಜಿ?" ಮೊಮ್ಮಗಳಿಗೆ ಅವಸರ.

1997ರಲ್ಲಿ ಸೈನ್ಯದ ಗೆಳೆಯರೊಬ್ಬರ ಜೊತೆ ಸೇರಿ ಹೆಲಿಕಾಪ್ಟರ್ ಕಂಪನಿ ಮಾಡಿದರು. 2003ರಲ್ಲಿ ಏರ್ ಡೆಕ್ಕನ್ ಹಾರಿತು. ಹುಬ್ಬಳ್ಳಿಯಂಥ ಊರುಗಳಿಗೆ ಚಿಕ್ಕ ವಿಮಾನ ಬಂತು. ಒಂದು ರೂಪಾಯಿಗೂ ಟಿಕೆಟ್ ಕೊಟ್ಟಿದ್ದುಂಟು! ಬಸ್ಸು, ರೈಲು ಮಾತ್ರ ಗೊತ್ತಿದ್ದವರು ಮೊದಲ ಸಲ ವಿಮಾನ ಹತ್ತಿದರು.

ಹಾಗಂತ ಎಲ್ಲ ಕಡೆ ಗೆದ್ದರು ಅಂತಲ್ಲ. ನಷ್ಟವಾಗಿ ನಾಲ್ಕೈದು ವರ್ಷದಲ್ಲೇ ಆ ಕಂಪನಿ ಬೇರೆಯವರ ಪಾಲಾಯಿತು. ಸಾರ್ವಜನಿಕ ಜೀವನದಲ್ಲಿ ಒಳ್ಳೆಯವರು ಇರಬೇಕು ಎಂದರೆ ಸುಮ್ಮನೆ ಮನೆಯಲ್ಲಿ ಕೂತರಾಗದಲ್ಲ! 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಅಲ್ಲೂ ಸೋತರು. ಆದರೂ ಊರಿನ, ರೈತರ, ನಗರದ ವಿಷಯ ಬರೆಯುವುದನ್ನು ಬಿಡಲಿಲ್ಲ.

"ಸೋತರೂ ಬೇಜಾರಾಗಲಿಲ್ವಾ?" ಅಂದಳು ಮೊಮ್ಮಗಳು.

"ಆಗಿರುತ್ತೆ ಪುಟ್ಟಿ. ಬೇಜಾರು ಒಂದು ಕಡೆ, ಬೆಳಿಗ್ಗೆ ಎದ್ದು ಮಾಡೋ ಕೆಲಸ ಒಂದು ಕಡೆ."

ಅಷ್ಟು ಹೊತ್ತೂ ಸುಮ್ಮನಿದ್ದ ನಮ್ಮ ಸೈನಿಕ ಆಗ ಬಾಯಿಬಿಟ್ಟ. "ದೊಡ್ಡಮ್ಮ, ಆ ಭೂಮಿಗೆ ನೀರು ಎಲ್ಲಿಂದ ತಂದ್ರಂತೆ?"

ವಿಮಾನ, ಪ್ರಶಸ್ತಿ ಯಾವುದೂ ಅವನಿಗೆ ಬೇಕಿರಲಿಲ್ಲ. ನೀರು ಬೇಕಿತ್ತು! ಭದ್ರಾವತಿ ಕಡೆ ಅವನ ಅಪ್ಪನ ಎರಡು ಎಕರೆ ಹತ್ತು ವರ್ಷದಿಂದ ಪಾಳುಬಿದ್ದಿದೆ.

"ಅದು ನಂಗೊತ್ತಿಲ್ಲಪ್ಪ, ಅವರ ಪುಸ್ತಕ ಕನ್ನಡದಲ್ಲೂ ಇದೆ, ಓದಿ ನೋಡು" ಅಂದೆ.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಗೆ ಬಂದರೆ ಅವನ ಬೈಕು ಇರಲಿಲ್ಲ. ಜಮೀನು ನೋಡಿಬರುತ್ತೇನೆ ಎಂದು ಬೆಳಕು ಹರಿಯುವ ಮೊದಲೇ ಹೋದನಂತೆ. ಹೇಳುವಾಗ ಅವನ ತಾಯಿಯ ಮುಖ ನೋಡಬೇಕಿತ್ತು.