ಕೃಷಿ ಹೊಂಡಕ್ಕೆ ಮೀನು ಬಿಡುವ ಮುನ್ನ ಮಾರ್ಚ್ ತಿಂಗಳ ನೀರು ಲೆಕ್ಕ ಹಾಕಿ

ಮಳೆ ಬಂದು ಹೊಂಡ ತುಂಬಿತು ಅಂದ್ರೆ ನಮ್ಮ ಶಿರಾ ಸೀಮೆಯಲ್ಲಿ ಬರುವ ಮೊದಲ ಮಾತು, ‘ಹೆಂಗೂ ನೀರೈತೆ, ನಾಲ್ಕು ಮೀನು ಬಿಡೋಣ’ ಅನ್ನೋದು. ಒಳ್ಳೆಯ ಯೋಚನೆಯೇ. ಆದರೆ ಮೀನು ದಪ್ಪ ಆಗಬೇಕಾದ ಹೊತ್ತಿಗೆ ಹೊಂಡದಲ್ಲಿ ಅಕ್ಟೋಬರ್‌ನ ನೀರು ಇರಲ್ಲ, ಮಾರ್ಚ್‌ನ ನೀರು ಇರುತ್ತೆ. ಮರಿಗಳ ಲೆಕ್ಕವನ್ನು ಆ ನೀರಿಗೇ ಹಾಕಬೇಕು.

ಮೊದಲು ಯಾವ ಮೀನು ಅನ್ನೋದು ನೋಡೋಣ. ವಿಡಿಯೋ ನೋಡಿದ ಹುಡುಗರು ‘ಟ್ರೌಟ್ ಬಿಡಬಹುದಾ ಅಣ್ಣಾ?’ ಅಂತ ಕೇಳ್ತಾರೆ. ಟ್ರೌಟ್ ತಣ್ಣನೆಯ, ಹರಿಯುವ ನೀರಿನ ಮೀನು. ಕಾಶ್ಮೀರ, ಹಿಮಾಚಲ, ದಕ್ಷಿಣದಲ್ಲಿ ನೀಲಗಿರಿ ಮತ್ತು ಮುನ್ನಾರ್‌ನ ಎತ್ತರದ ತೊರೆಗಳೇ ಅದಕ್ಕೆ ಸರಿ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಬಯಲುಸೀಮೆಯ ಹೊಂಡ ಬೇಸಿಗೆಯಲ್ಲಿ 28–30 ಡಿಗ್ರಿ ಇರುತ್ತೆ. ನಮಗೆ ಗೆಂಡೆ ಜಾತಿಯೇ ಸೈ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತೆ. ಹಾಗಾಗಿ ಮೂರೂ ಜೊತೆಗಿದ್ದರೆ ಮೇವಿಗೆ ಜಗಳವಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಯಾರಾದರೂ ತಂದುಕೊಟ್ಟರೂ ಬೇಡ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ.

ಈಗ ಎಣಿಕೆ. ಹೆಕ್ಟೇರ್ ನೀರಿಗೆ 5,000ದಿಂದ 10,000 ಮರಿ ಅನ್ನೋದು ವಾಡಿಕೆ. ಅಂದರೆ ಹೆಚ್ಚೆಂದರೆ ಚದರ ಮೀಟರ್‌ಗೆ ಒಂದು. ನನ್ನ ಹೊಂಡ 21 ಮೀಟರ್ ಉದ್ದ, 21 ಅಗಲ, 3 ಮೀಟರ್ ಆಳ. ತುಂಬಿದಾಗ 441 ಚದರ ಮೀಟರ್ ನೀರು. ಆದರೆ ಬದಿ ಇಳಿಜಾರು ಇರೋದ್ರಿಂದ ಆಳ ಒಂದೂವರೆ ಮೀಟರ್‌ಗೆ ಇಳಿದಾಗ ಉಳಿಯೋದು 324 ಚದರ ಮೀಟರ್ ಮಾತ್ರ. ಅದಕ್ಕೆ ನಾನು 250 ಮರಿ ಬಿಡ್ತೀನಿ: 100 ಕಾಟ್ಲಾ, 75 ರೋಹು, 75 ಗೆಂಡೆ. ಕಡಿಮೆ ಅನ್ನಿಸಬಹುದು. ಆದರೆ ನಮಗೆ ಸಿಗೋದು ಆರು ತಿಂಗಳ ನೀರು. ಅಷ್ಟರಲ್ಲಿ ಮಾರುವ ಗಾತ್ರಕ್ಕೆ ಬರಬೇಕು. ಅದೇ ಕಾರಣಕ್ಕೆ ಅಗ್ಗ ಅಂತ ಸಣ್ಣ ಮರಿ ತರಬೇಡಿ. ಬೆರಳುದ್ದಕ್ಕಿಂತ ದೊಡ್ಡ, ಬಲಿತ ಮರಿಯನ್ನೇ ಕೇಳಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಹೆಸರು ಬರೆಸಿಡಿ.

ಮರಿ ಬಿಡುವ ಎರಡು ವಾರ ಮೊದಲು ಇಷ್ಟು ದೊಡ್ಡ ಹೊಂಡಕ್ಕೆ 10 ಕಿಲೋ ಸುಣ್ಣ, ವಾರ ಬಿಟ್ಟು 80 ಕಿಲೋ ಸಗಣಿ ಕರಗಿಸಿ ಹಾಕಿ. ನೀರು ತಿಳಿ ಹಸಿರಾಗಬೇಕು. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ: ಅಂಗೈ ಮಸುಕಾಗಿ ಕಂಡರೆ ಸರಿ, ಸ್ಪಷ್ಟವಾಗಿ ಕಂಡರೆ ಇನ್ನಷ್ಟು ಸಗಣಿ ಬೇಕು, ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾದರೆ ಸಗಣಿ ನಿಲ್ಲಿಸಿ. ನೀರು ಒಳಬರುವ ಕಡೆ ಬಲೆ ಕಟ್ಟಿ, ಇಲ್ಲದಿದ್ದರೆ ಹಳ್ಳದ ಕೊರವ ಮೀನು ನುಗ್ಗಿ ಮರಿಗಳನ್ನು ನುಂಗುತ್ತೆ. ಮರಿ ತಂದ ಚೀಲವನ್ನು ಬೆಳಗ್ಗೆ ಇಲ್ಲವೇ ಸಂಜೆ 15–20 ನಿಮಿಷ ನೀರಲ್ಲಿ ತೇಲಿಬಿಡಿ. ಆಮೇಲೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಸೇರಿಸಿ. ಮರಿಗಳು ತಾವಾಗಿ ಈಜಿ ಹೋಗಲಿ, ಸುರಿಯಬೇಡಿ.

ಮೇವಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಮೀನಿನ ಒಟ್ಟು ತೂಕದ ಶೇ 2–3ರಷ್ಟು ಸಾಕು. 250 ಮೀನು ತಲಾ 100 ಗ್ರಾಂ ಇದ್ದರೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವಲ್ಲ, ಆಮ್ಲಜನಕ ಕಡಿಮೆಯಾಗಿದೆ ಅಂತ ಅರ್ಥ. ಆ ದಿನ ಮೇವು ಬೇಡ. ಪಂಪ್ ಹಚ್ಚಿ ಅದೇ ನೀರನ್ನು ಎತ್ತರದಿಂದ ಹೊಂಡಕ್ಕೆ ಬೀಳಿಸಿ.

ಅಸಲಿ ಪರೀಕ್ಷೆ ಬರೋದು ಫೆಬ್ರವರಿಯಲ್ಲಿ. ಹೋದ ವರ್ಷ ನಮ್ಮ ಟೊಮೆಟೊಗೆ ಇನ್ನೆರಡು ನೀರು ಬೇಕಿತ್ತು, ಮೀನು ಇನ್ನೂ 300 ಗ್ರಾಂ ದಾಟಿರಲಿಲ್ಲ. ‘ಇನ್ನೊಂದು ತಿಂಗಳು ಬಿಟ್ಟರೆ ಮೀನೂ ದುಡ್ಡಾಗುತ್ತೆ’ ಅಂತ ಮಗ, ‘ಬೆಳೆ ಒಣಗಿಸಿ ಮೀನು ಸಾಕ್ತಾರಾ?’ ಅಂತ ಮನೆಯವಳು. ಹೊಂಡ ತೋಡಿದ್ದು ಬೆಳೆಗೆ. ನೀರು ಟೊಮೆಟೊಗೆ ಹೋಯ್ತು. ದೊಡ್ಡ ಮೀನು ಆರಿಸಿ ಊರಲ್ಲೇ ಮಾರಿದೆವು, ಉಳಿದವಕ್ಕೆ ಜಾಗ ಸಿಕ್ಕಿತು. ಜಗಳ ಬೇಡ ಅಂದ್ರೆ ಒಂದೂವರೆ ಮೀಟರ್ ಮಟ್ಟಕ್ಕೆ ಹೊಂಡದ ಹಾಳೆಯ ಮೇಲೆ ಬಿಳಿ ಗೆರೆ ಎಳೆದಿಡಿ. ನೀರು ಗೆರೆ ಮುಟ್ಟಿದ ದಿನ ಮಾರಾಟ ಶುರು. ಒಂದು ಮೀಟರ್‌ಗೆ ಇಳಿದರೆ ಬಲೆ ಹಾಕಿ ಎಲ್ಲವನ್ನೂ ತೆಗೆಯಿರಿ.

ಔಷಧಿ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆಯಬೇಡಿ. ಇನ್ನೊಂದು ಮಾತು: ಮೀನಿದೆ ಅಂದ್ರೆ ಮಕ್ಕಳು ಬಂದೇ ಬರ್ತಾರೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ನಿಲ್ಲಲ್ಲ. ಸುತ್ತ ಬೇಲಿ ಹಾಕಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಮರಿ ತರೋದು ಅದಾದ ಮೇಲೆ.