ಹೆಜ್ಜೆ ನೋಡಿ ನುಡಿಯುವ ಕೈ

ಪಶ್ಚಿಮ ಆಫ್ರಿಕಾದ ಮಲಿಂಕೆ ಜನರ ಊರಿನಲ್ಲಿ ಹಬ್ಬ ಕೂಡಿದರೆ ಜನ ದುಂಡಗೆ ನಿಲ್ಲುತ್ತಾರೆ. ದುನುನ್ ಡೋಲುಗಳು ಆಗಲೇ ಶುರುವಾಗಿರುತ್ತವೆ. ಹೆಂಗಸೊಬ್ಬಳು ಗುಂಪು ಸೀಳಿಕೊಂಡು ನಡುವೆ ಬರುತ್ತಾಳೆ. ಜೆಂಬೆ ಕಟ್ಟಿಕೊಂಡ ಮುಖ್ಯ ವಾದಕ ಅವಳೆದುರು ಹೋಗಿ ನಿಲ್ಲುತ್ತಾನೆ. ಅವನ ಕಣ್ಣಿರುವುದು ಅವಳ ಪಾದಗಳ ಮೇಲೆ. ಅವಳ ಹೆಜ್ಜೆ ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಪೆಟ್ಟು ಬೀಳಬೇಕು. ಕುಣಿತಕ್ಕೆ ಕಾವೇರಿದಂತೆ ಕೈಯೂ ಬಿರುಸಾಗುತ್ತದೆ. ಕೊನೆಗೆ ಅವನೊಂದು ಚಿಕ್ಕ ಸನ್ನೆಯ ನುಡಿತ ಕೊಡುತ್ತಾನೆ. ಅಲ್ಲಿಗೆ ಅವಳ ಸರದಿ ಮುಗಿಯಿತು. ಮಾತಿಲ್ಲ, ಮೊದಲೇ ಮಾಡಿಕೊಂಡ ಅಭ್ಯಾಸವೂ ಇಲ್ಲ.

ಇದನ್ನು ಬಲ್ಲವನನ್ನು ಅಲ್ಲಿ ಜೆಂಬೆಫೊಲಾ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಆ ಹೆಸರನ್ನು ಪಶ್ಚಿಮ ಆಫ್ರಿಕಾದಿಂದಾಚೆ ಅತಿ ದೂರ ಒಯ್ದವರಲ್ಲಿ ಮಮಾಡಿ ಕೇಟಾ ಒಬ್ಬರು. ಗಿನಿ ದೇಶದ ಸಿಗಿರಿ ಸೀಮೆಯ ಬಲಂದುಗು ಎಂಬ ಹಳ್ಳಿಯಲ್ಲಿ 1950ರಲ್ಲಿ ಹುಟ್ಟಿದವರು. ನೆಟ್ಟಗೆ ನಿಲ್ಲುವ ಮೊದಲೇ ಮನೆಯ ಪಾತ್ರೆಗಳನ್ನೆಲ್ಲ ಬಡಿಯುತ್ತಿದ್ದರು ಎಂಬ ಕಥೆ ಎಲ್ಲ ದೊಡ್ಡ ತಾಳವಾದ್ಯಗಾರರ ಬಗ್ಗೆಯೂ ಹುಟ್ಟಿಕೊಳ್ಳುತ್ತದೆ. ಇವರ ಬಗ್ಗೆಯೂ ಇದೆ. ಕೈ ಹಿಡಿದು ತಿದ್ದಿದ ಗುರು ಅದೇ ಊರಿನ ಕರಿಂಕಜಾನ್ ಕೊಂಡೆ. ಪಾಠವೆಂದರೆ ಗುರುವಿನ ಪಕ್ಕದಲ್ಲಿ ನಿಂತು ಹಬ್ಬ, ಮದುವೆ, ಕೊಯ್ಲುಗಳಲ್ಲಿ ಬಾರಿಸುವುದು.

ಕೇಟಾ ಅನ್ನುವುದು ರಾಜಮನೆತನದ ಹೆಸರು. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟಾ ಕೇಟಾನ ಕುಲ. ಮಲಿಂಕೆಯರೂ ಸೇರಿದ ಮಾಂಡೆ ಸಮಾಜದಲ್ಲಿ ಹಾಡುವುದು, ಕೋರಾ ಮತ್ತು ಬಾಲಫೋನ್ ವಾದ್ಯಗಳನ್ನು ನುಡಿಸುವುದು ಜೆಲಿ ಎಂಬ ವಂಶಪಾರಂಪರ್ಯದ ಕುಲಗಾಯಕರ ಹಕ್ಕು. ರಾಜಕುಲದವರು ಹಾಡಿದರೆ ಮೂಗು ಮುರಿಯುವವರಿದ್ದರು. ಗಾಯಕ ಸಲೀಫ್ ಕೇಟಾ ಇದರಿಂದ ಸಾಕಷ್ಟು ನೊಂದರು. ಜೆಂಬೆಗೆ ಮಾತ್ರ ಈ ಬೇಲಿ ಇರಲಿಲ್ಲ. ಕೆತ್ತುವುದು ಕಮ್ಮಾರ ಕುಲದ ಕಸುಬು, ಬಾರಿಸುವುದು ಕೈ ಬಂದವನ ಪಾಲು.

ವಾದ್ಯವನ್ನೊಮ್ಮೆ ಹತ್ತಿರದಿಂದ ನೋಡೋಣ. ಲೆಂಕೆ ಅಥವಾ ಅದರಂಥ ಗಟ್ಟಿ ಜಾತಿಯ ಮರದ ಒಂದೇ ದಿಮ್ಮಿಯನ್ನು ಟೊಳ್ಳು ಮಾಡಿ ಕಡೆದ, ಕಾಲು ಕಿರಿದಾದ ಒರಳಿನಂಥ ಒಡಲು. ಬಾಯಿಗೆ ಮೇಕೆಯ ಚರ್ಮ. ಅಂಚಿಗೆ ಸಿಕ್ಕಿಸಿದ ತಗಡಿನ ರೆಕ್ಕೆಗಳು ಪ್ರತಿ ಪೆಟ್ಟಿಗೂ ಝಣಗುಡುತ್ತವೆ. ಮೂಲ ನಾದಗಳು ಮೂರೇ. ಚರ್ಮದ ನಡುವೆ ಅಂಗೈ ಬಿದ್ದರೆ ಮಂದ್ರ. ಅಂಚಿನಲ್ಲಿ ಬೆರಳು ಕೂಡಿಸಿ ಹೊಡೆದರೆ ದುಂಡನೆಯ ಸ್ವರ. ಅದೇ ಜಾಗದಲ್ಲಿ ಬೆರಳು ಸಡಿಲ ಬಿಟ್ಟರೆ ಚಾಟಿಯಂಥ ಚುರುಕು ಪೆಟ್ಟು. ಕೊನೆಯ ಎರಡನ್ನು ಬೇರೆಬೇರೆಯಾಗಿ ಕೇಳಿಸುವುದೇ ಹೊಸಬರಿಗೆ ದೊಡ್ಡ ತಲೆನೋವು. ಎಷ್ಟೋ ಮಂದಿ ಬಲ ಹಾಕಿ ಅಂಗೈ ಕೆಂಪು ಮಾಡಿಕೊಳ್ಳುತ್ತಾರೆ, ಕೆಲಸ ಬಲದ್ದಲ್ಲ.

ಕಣ್ಣು ಸೆಳೆಯುವುದು ಜೆಂಬೆಯಾದರೂ ತಾಳದ ಬುಡ ಇರುವುದು ದುನುನ್‌ಗಳಲ್ಲಿ. ದಪ್ಪ ದನಿಯ ದುನುನ್‌ಬಾ, ನಡುವಿನ ಸಂಗ್ಬಾನ್, ಚಿಕ್ಕದಾದ ಕೆಂಕೆನಿ, ಈ ಮೂರೂ ಎರಡು ಬದಿಗೆ ಹಸುವಿನ ಚರ್ಮ ಬಿಗಿದ, ಕೋಲಿನಿಂದ ಬಾರಿಸುವ ಡೋಲುಗಳು. ಮಲಿಂಕೆ ವಾದಕರು ಒಂದು ಕೈಯಲ್ಲಿ ಡೋಲು, ಇನ್ನೊಂದರಲ್ಲಿ ಅದರ ಮೇಲೆ ಕಟ್ಟಿದ ಕಬ್ಬಿಣದ ಗಂಟೆ ಬಾರಿಸುತ್ತಾರೆ. ಕೇಳುತ್ತಿರುವುದು ಯಾವ ತಾಳವೆಂದು ಬಲ್ಲವರು ಸಂಗ್ಬಾನ್ ಕೇಳಿ ಹೇಳುತ್ತಾರೆ.

1958ರ ಅಕ್ಟೋಬರ್ 2ರಂದು ಗಿನಿ ಸ್ವತಂತ್ರವಾಯಿತು. ಮೊದಲ ಅಧ್ಯಕ್ಷ ಸೆಕು ತುರೆಗೆ ಫ್ರೆಂಚರ ನೆರಳಿಲ್ಲದ ರಾಷ್ಟ್ರೀಯ ಸಂಸ್ಕೃತಿ ಬೇಕಿತ್ತು. ಹಳ್ಳಿಯಿಂದ ರಾಜಧಾನಿ ಕೊನಾಕ್ರಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲಾತಂಡಗಳು, ಸ್ಪರ್ಧೆಗಳು ಎದ್ದವು. 1964ರಲ್ಲಿ ಜೋಲಿಬಾ ಎಂಬ ರಾಷ್ಟ್ರೀಯ ಬ್ಯಾಲೆ ಹುಟ್ಟಿದಾಗ ಹದಿನಾಲ್ಕರ ಮಮಾಡಿ ಅದಕ್ಕೆ ಆಯ್ಕೆಯಾದರು. ಮರುವರ್ಷವೇ ಮುಖ್ಯ ವಾದಕ. 1979ರಲ್ಲಿ ಇಡೀ ತಂಡದ ಕಲಾ ನಿರ್ದೇಶಕ. ಅದೇ ಸರ್ಕಾರ ಇನ್ನೊಂದು ಕೈಯಲ್ಲಿ ಮೂಢನಂಬಿಕೆ ತೊಲಗಿಸುವ ಹೆಸರಿನಲ್ಲಿ ಊರೂರಿನ ಪವಿತ್ರ ಮುಖವಾಡಗಳನ್ನು ಸುಡಿಸುತ್ತಿತ್ತು. ಊರಿನಲ್ಲಿ ನಿಷಿದ್ಧವಾದದ್ದು ರಂಗದ ಮೇಲೆ ರಾಷ್ಟ್ರದ ಹೆಮ್ಮೆ! ಮಮಾಡಿಯವರ ತಲೆಮಾರಿನ ಕಲಾವಿದರು ಬೆಳೆದದ್ದು ಈ ಇಬ್ಬಂದಿಯೊಳಗೆ.

ಬ್ಯಾಲೆ ತಾಳಕ್ಕೂ ಏನೋ ಮಾಡಿತು. ಊರಿನಲ್ಲಿ ತಾಸುಗಟ್ಟಲೆ ಸಾಗುವುದನ್ನು ರಂಗದಲ್ಲಿ ಕೆಲವೇ ನಿಮಿಷಕ್ಕೆ ಕತ್ತರಿಸಬೇಕು. ಇಂಥ ಕಡೆ ತಿರುವು, ಇಂಥ ಕಡೆ ನಿಲುಗಡೆ ಎಂದು ಮೊದಲೇ ಗೊತ್ತುಮಾಡಬೇಕು. ನರ್ತಕಿಯ ಹೆಜ್ಜೆಯನ್ನು ಕೈ ಹಿಂಬಾಲಿಸುವ ಬದಲು, ಇಬ್ಬರೂ ನಿರ್ದೇಶಕ ಹಾಕಿದ ಗೆರೆಯನ್ನು ಹಿಂಬಾಲಿಸುತ್ತಾರೆ. ಇದನ್ನು ನಷ್ಟವೆಂದಷ್ಟೇ ಹೇಳಿದರೆ ಅನ್ಯಾಯ. ಬೇರೆಬೇರೆ ಜನಾಂಗಗಳ ತಾಳಗಳನ್ನು ಒಬ್ಬನೇ ವಾದಕ ಕಲಿಯುವ ಅವಕಾಶ ಸಿಕ್ಕಿದ್ದು ಅಲ್ಲಿಯೇ. ಮಮಾಡಿಯವರ ನೆನಪಿನ ಕಣಜ ತುಂಬಿದ್ದೂ ಅಲ್ಲಿಯೇ.

ಸೆಕು ತುರೆ 1984ರಲ್ಲಿ ತೀರಿಕೊಂಡ ಮೇಲೆ ಸರ್ಕಾರದ ಕಲಾತಂಡಗಳ ಮೆರುಗು ಇಳಿಯಿತು. ಮಮಾಡಿ 1986ರಲ್ಲಿ ಐವರಿ ಕೋಸ್ಟ್‌ನ ಅಬಿಜಾನ್‌ಗೆ ಹೋಗಿ ಸುಲೇಮಾನ್ ಕೋಲಿಯವರ ಕೊತೆಬಾ ತಂಡ ಸೇರಿದರು. 1988ರಲ್ಲಿ ಬ್ರಸೆಲ್ಸ್ ತಲುಪಿದರು. ಅಲ್ಲಿ ಸೇವಾ ಕಾನ್ ಎಂಬ ತಂಡ ಕಟ್ಟಿ 1989ರಲ್ಲಿ ‘ವಸೊಲೋನ್’ ಆಲ್ಬಂ ತಂದರು. 1991 ದೊಡ್ಡ ವರ್ಷ. ತಾಮ್ ತಾಮ್ ಮಾಂಡಿಂಗ್ ಎಂಬ ಅವರ ಶಾಲೆ ಶುರುವಾದದ್ದು ಆಗ. ಲೊರಾಂ ಶೆವಾಲಿಯೆ ನಿರ್ದೇಶಿಸಿದ ‘ಜೆಂಬೆಫೊಲಾ’ ಸಾಕ್ಷ್ಯಚಿತ್ರ ಬಂದದ್ದೂ ಆಗಲೇ. ಹುಡುಗನಾಗಿ ಹೊರಟವರು ನಡುವಯಸ್ಸಿನಲ್ಲಿ ಬಲಂದುಗುವಿಗೆ ಮರಳುವುದೇ ಆ ಚಿತ್ರದ ಜೀವ. ಊರಿಗೆ ಊರೇ ಹೊರಬಂದು ಅವರನ್ನು ಎದುರುಗೊಳ್ಳುವ ಭಾಗ ನೋಡುವಾಗ, ಕ್ಯಾಮೆರಾ ಇರುವುದು ಯಾರಿಗೂ ನೆನಪಿಲ್ಲವೇನೋ ಅನ್ನಿಸುತ್ತದೆ.

ಮುಂದಿನ ಮೂವತ್ತು ವರ್ಷ ಅವರು ಹೆಚ್ಚಾಗಿ ಮೇಷ್ಟ್ರೇ. ಯುರೋಪ್, ಅಮೆರಿಕ, ಜಪಾನ್ ಎಂದು ಶಾಲೆಯ ಶಾಖೆಗಳು ಹಬ್ಬಿದವು. ಜಪಾನಿನ ಕಥೆ ಸ್ವಾರಸ್ಯದ್ದು. ಕಾಗೊಶಿಮಾ ಪ್ರಾಂತ್ಯದ ಮಿಶಿಮಾ ಎಂಬ ದ್ವೀಪಗ್ರಾಮಕ್ಕೆ ಅವರು 1994ರಲ್ಲಿ ಹೋಗಿ ಮಕ್ಕಳಿಗೆ ಜೆಂಬೆ ಕಲಿಸಿದರು. ಆಮೇಲೆ ಆ ಗ್ರಾಮದ ಇಯೊಜಿಮಾ ಎಂಬ ಪುಟ್ಟ ಅಗ್ನಿಪರ್ವತ ದ್ವೀಪದಲ್ಲಿ ಜೆಂಬೆ ಶಾಲೆಯೇ ತೆರೆಯಿತು. ಈಗ ಹಡಗಿನಿಂದ ಇಳಿಯುವವರಿಗೆ ಬಂದರಿನಲ್ಲಿ ಗಿನಿಯ ತಾಳದ ಸ್ವಾಗತ.

ಪಾಠದಲ್ಲಿ ಅವರದೊಂದು ಹಟವಿತ್ತು: ಪ್ರತಿ ತಾಳಕ್ಕೂ ವಿಳಾಸ ಬೇಕು. ಯಾವ ಜನರದು, ಯಾವ ಸೀಮೆಯದು, ಯಾವ ಹೊತ್ತಿನದು. ಕಾಸಾ ಎಂದರೆ ಹೊಲದಲ್ಲಿ ಸಾಲಾಗಿ ದುಡಿಯುವವರ ಜೊತೆ ಬಾರಿಸುವುದು. ಸೋಲಿ ಹುಡುಗರ ಸುನ್ನತಿಯದು. ದುನುನ್‌ಬಾ ಎಂಬ ಡೋಲಿನ ಹೆಸರನ್ನೇ ಹೊತ್ತ ತಾಳಗಳ ಒಂದು ಕುಟುಂಬವಿದೆ. ಅದು ಹಮಾನಾ ಸೀಮೆಯಲ್ಲಿ ಗಟ್ಟಿಗರು ಚಾವಟಿ ಹಿಡಿದು ಬಲ ತೋರಿಸುತ್ತಿದ್ದ ಕುಣಿತದ್ದು. ಉಷಿ ಬಿಲ್‌ಮೈಯರ್ ಅವರೊಂದಿಗೆ 1999ರಲ್ಲಿ ತಂದ ಪುಸ್ತಕದಲ್ಲೂ ಇದೇ ಕ್ರಮ. ಇದರ ಬಗ್ಗೆ ತಕರಾರೂ ಸಲ್ಲುತ್ತದೆ. ಊರಿಂದೂರಿಗೆ ಬದಲಾಗುವ ತಾಳವನ್ನು ಪ್ರಮಾಣಪತ್ರ ಕೊಡುವ ಪಠ್ಯಕ್ಕೆ ಇಳಿಸಿದಾಗ, ಶಿಷ್ಯರು ಅದೊಂದೇ ಸರಿ ಎಂದುಕೊಳ್ಳುವುದು ಸಹಜ. ಆದರೂ ನನ್ನ ಒಲವು ಮಮಾಡಿಯವರ ಕಡೆಗೇ. ಬೆಂಗಳೂರಿನ ಡ್ರಮ್ ಸರ್ಕಲ್‌ಗಳಲ್ಲಿ, ಕಂಪನಿಗಳ ತಂಡ ಕಟ್ಟುವ ಶಿಬಿರಗಳಲ್ಲಿ ಜೆಂಬೆ ಇದೆ, ಹುರುಪಿದೆ. ವಿಳಾಸ ಕೇಳಿದರೆ ‘ಆಫ್ರಿಕಾ’ ಎನ್ನುತ್ತಾರೆ. ಒಂದು ಇಡೀ ಖಂಡ! ಕುಣಿಯುವವರಂತೂ ಅಲ್ಲಿ ಇರುವುದೇ ಇಲ್ಲ.

ಮಮಾಡಿ ಕೇಟಾ 2021ರ ಜೂನ್ 21ರಂದು ತೀರಿಕೊಂಡರು. ಶಾಲೆಯ ಪಾಠವನ್ನು ಶಿಷ್ಯರು ನಡೆಸುತ್ತಿದ್ದಾರೆ. ಮಮಾಡಿಯವರನ್ನು ಮೊದಲ ಸಲ ಕೇಳುವವರು ಹಮಾನಾ ಸೀಮೆಯವರಾದ ಇನ್ನೊಬ್ಬ ದಿಗ್ಗಜ ಫಮುದು ಕೊನಾಟೆ ಜೊತೆಗಿರುವ 1996ರ ‘ಹಮಾನಾ’ ಆಲ್ಬಂನಿಂದ ಶುರುಮಾಡಬಹುದು. ಅದು ಪೂರ್ತಿ ದುನುನ್‌ಬಾ ತಾಳಗಳಿಗೇ ಮೀಸಲು. ಜೆಂಬೆಯ ಮಿಂಚಿಗೆ ಮೊದಲೇ ಮರುಳಾಗದೆ, ಒಂದೆರಡು ಸಲ ಬರೀ ಸಂಗ್ಬಾನ್ ಹಿಂದೆಯೇ ಕಿವಿ ಹೋಗಲಿ.