ವ್ಯಾನಿನಲ್ಲಿ ಎರಡು ದಿನ: ಮಧುಗಿರಿ, ಪಾವಗಡದ ಕಡೆಗೆ ಹೊರಡುವ ಮುನ್ನ

ಹಾಸಿಗೆ, ಒಲೆ, ನೀರಿನ ಕ್ಯಾನ್ ಹೇರಿಕೊಂಡು ಮನೆಮಂದಿಯೆಲ್ಲ ವ್ಯಾನಿನಲ್ಲಿ ಎರಡು ದಿನ ತಿರುಗಿ ಬರುವುದಕ್ಕೆ ತುಮಕೂರು ಜಿಲ್ಲೆಯ ಉತ್ತರ ಭಾಗ ಹೇಳಿ ಮಾಡಿಸಿದಂತಿದೆ. ಹತ್ತಲು ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ ಮತ್ತು ಪಾವಗಡದ ಕೋಟೆಬೆಟ್ಟ ಇವೆ. ನೋಡಲು ಮೈದನಹಳ್ಳಿಯ ಕೃಷ್ಣಮೃಗಗಳಿವೆ, ಶಿರಾ ಬಳಿಯ ಕಗ್ಗಲಡುವಿನಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಕೊಕ್ಕರೆಗಳಿವೆ. ಶಿರಾದಲ್ಲಿ 1696ರ ಜುಮ್ಮಾ ಮಸೀದಿಯೂ ಇದೆ.

ಮೊದಲ ಮಾತು ನೀರಿನದು. ಪಾವಗಡ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಅಂಶ ಏರುತ್ತದೆ. ಎರಡು ದಿನ ಕುಡಿದ ಪ್ರವಾಸಿಗೆ ಹಲ್ಲು, ಮೂಳೆ ಹಾಳಾಗುವುದಿಲ್ಲ. ಆ ಕಷ್ಟ ವರ್ಷಗಟ್ಟಲೆ ಅದನ್ನೇ ಕುಡಿಯುವ ಅಲ್ಲಿನ ಮಕ್ಕಳದು. ಆದರೂ ಕೂಸಿನ ಹಾಲಿನ ಪುಡಿಗೆ ಆ ನೀರು ಬೇಡ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕ್ಯಾನ್ ತುಂಬಿಸಿಕೊಳ್ಳಿ. ವುಝೂ ಮಾಡಲು, ಪಾತ್ರೆ ತೊಳೆಯಲು ಕೊಳವೆಬಾವಿ ನೀರು ಸಾಕು.

ಇನ್ನೊಂದು ಸಂಗತಿಯನ್ನು ಮನೆಯ ಗಂಡಸರೂ ಓದಬೇಕು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಹೆಂಗಸರು ಬೆಳಗಿನಿಂದ ನೀರು ಕುಡಿಯದೆ, ಮೂತ್ರ ತಡೆದು ಕೂರುತ್ತಾರೆ. ಬಿಸಿಲಿನಲ್ಲಿ ಬೆಟ್ಟ ಹತ್ತಿ ಹೀಗೆ ಮಾಡಿದರೆ ತಲೆಸುತ್ತು, ಉರಿಮೂತ್ರ ಬರುವುದು ಸಹಜ. ಎರಡು ಮೂರು ಗಂಟೆಗೊಮ್ಮೆ ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಬಳಿ ವ್ಯಾನ್ ನಿಲ್ಲಿಸುವಂತೆ ದಾರಿಯನ್ನು ಮೊದಲೇ ಗೊತ್ತುಮಾಡಿ. ಯಾರೂ ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ. ಬೆಟ್ಟದಲ್ಲಿ ಬಳಲಿದವರಿಗೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ.

ಮಧುಗಿರಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಮೇಲಿನ ಭಾಗದಲ್ಲಿ ಬರೀ ಬಂಡೆ, ಮಳೆ ಬಂದರೆ ಜಾರುತ್ತದೆ. ಮಕ್ಕಳು, ಮಂಡಿನೋವಿನ ಹಿರಿಯರು ಕೆಳಗಿನ ಬಾಗಿಲುಗಳವರೆಗೆ ಹೋದರೆ ಸಾಕು. ಈ ಬೆಟ್ಟಗಳಲ್ಲಿ ಕರಡಿ, ಚಿರತೆ ಉಂಟು. ಆದ್ದರಿಂದ ಫಜ್ರ್ ಮುಗಿಸಿ, ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಬಿಸಿಲೇರುವ ಮುನ್ನ ಇಳಿಯಿರಿ. ಅಂದು ಅತ್ತರ್ ಬೇಡ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಗಾಢ ವಾಸನೆ ಅದನ್ನು ಕೆರಳಿಸಬಹುದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ.

ಮೈದನಹಳ್ಳಿಯ ಹುಲ್ಲುಗಾವಲಿನಿಂದ ಬಂದ ಮೇಲೆ ಮಕ್ಕಳ ಕಾಲು, ಸೊಂಟದಲ್ಲಿ ಉಣ್ಣಿ ಕಚ್ಚಿದೆಯೇ ನೋಡಿ. ಕಗ್ಗಲಡುವಿನಲ್ಲಿ ಗೂಡಿರುವ ಮರದ ಕೆಳಗೆ ದಸ್ತರ್‌ಖಾನ್ ಹಾಸಬೇಡಿ. ಹಕ್ಕಿಗಳ ಹಿಕ್ಕೆ ನೇರ ತಟ್ಟೆಗೇ ಬೀಳುತ್ತದೆ! ಬೆಳಿಗ್ಗೆ ಕಟ್ಟಿದ ಬಿರಿಯಾನಿಯನ್ನು ಬಿಸಿಲಲ್ಲಿ ನಿಂತ ವ್ಯಾನಿನಲ್ಲಿಟ್ಟು ಮಧ್ಯಾಹ್ನ ತಿನ್ನುವುದೂ ಬೇಡ. ರೊಟ್ಟಿ, ಖರ್ಜೂರ, ಬಾಳೆಹಣ್ಣು ವಾಸಿ.

ರಾತ್ರಿ ಕಾಡಂಚು ಬಿಟ್ಟು ಊರೊಳಗೆ ನಿಲ್ಲಿಸಿ. ಡಿಸೆಂಬರ್ ಚಳಿಗೆಂದು ವ್ಯಾನಿನೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುವುದು, ಎ.ಸಿ.ಗಾಗಿ ಇಂಜಿನ್ ಓಡುತ್ತಿರುವಂತೆಯೇ ಮಲಗುವುದು ಪ್ರಾಣಕ್ಕೇ ಸಂಚಕಾರ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲ ತುಂಬಿಕೊಂಡರೆ ನಿದ್ರೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೆ ಸಾಲದು. ಒಲೆಯನ್ನು ಹೊರಗೇ ಹೊತ್ತಿಸಿ, ಮಲಗುವಾಗ ಕಂಬಳಿ ಹೊದೆಯಿರಿ. ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಎಲ್ಲರನ್ನೂ ಕೂಡಲೇ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ.